ಮೊದಲು ಬಟ್ಟೆ, ಆಮೇಲೆ ನಮಸ್ಕಾರ

ನನ್ನ ಕೆಲಸದ ಮೇಜಿನ ಮೇಲೆ ಒಂದು ನೀಲಿ ಕ್ಲಿಪ್ಪಿದೆ. ಬಟ್ಟೆ ಒಣಗಲು ಹಾಕುವಾಗ ಸಿಕ್ಕಿಸುತ್ತೇವಲ್ಲ, ಅಂಥದ್ದು. ಒಂದು ಕಿವಿ ಮುರಿದಿದೆ, ಸ್ಪ್ರಿಂಗು ಮಾತ್ರ ಗಟ್ಟಿ. ಬ್ಯೂನಾ ವಿಸ್ಟಾದ ನಮ್ಮ ಆಫೀಸಿನಲ್ಲಿ ಉಳಿದವರ ಮೇಜಿನ ಮೇಲೆ ಪುಟ್ಟ ಗಿಡಗಳಿವೆ, ಮಕ್ಕಳ ಫೋಟೋಗಳಿವೆ. ನನ್ನದರ ಮೇಲೆ ಇದು. ಪಕ್ಕದ ಸೀಟಿನ ಹುಡುಗಿ ಅದನ್ನು ಕಾಗದ ಸೇರಿಸಿಡಲು ತಂದಿದ್ದೇನೆ ಎಂದುಕೊಂಡಿದ್ದಾಳೆ. ಮೀಟಿಂಗು ಎಳೆದಾಡಿದಾಗ ನಾನು ಅದನ್ನು ಒತ್ತುತ್ತೇನೆ, ಬಿಡುತ್ತೇನೆ. ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಹಿಡಿದದ್ದನ್ನು ಬಿಡಬಾರದು ಎಂಬ ಒಂದೇ ವಿದ್ಯೆ ಅದಕ್ಕೆ ಗೊತ್ತು. ನಮ್ಮಪ್ಪನಿಗೆ ಗೊತ್ತಿಲ್ಲದ ವಿದ್ಯೆ ಅದು.

ಅಪ್ಪನಿಗೆ ಹಾಸನದಲ್ಲಿ ಬಟ್ಟೆ ಅಂಗಡಿ ಇತ್ತು. ದೊಡ್ಡದೇನಲ್ಲ. ಬಿಳಿ ಹೊದಿಕೆ ಹಾಸಿದ ಗಾದಿ, ಗೋಡೆಯುದ್ದಕ್ಕೂ ಥಾನುಗಳು, ಹೊಸ ಬಟ್ಟೆಯ ಗಂಜಿ ವಾಸನೆ. ಶಾಲೆ ಬಿಟ್ಟ ಮೇಲೆ ನಾನು ಗಾದಿಯ ಮೂಲೆಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದೆ, ಅಪ್ಪ ಹೊಸ್ತಿಲ ಹತ್ತಿರ ನಿಂತಿರುತ್ತಿದ್ದರು. ಮದುವೆ ಜವಳಿಗೆ ವ್ಯಾನು ಮಾಡಿಕೊಂಡು ಬಂದ ಕುಟುಂಬವಾಗಲಿ, ಒಂದು ಕರ್ಚೀಫಿಗೆ ಬಂದ ಕಾಲೇಜು ಹುಡುಗನಾಗಲಿ, ಮೆಟ್ಟಿಲು ಹತ್ತಿದ ಕೂಡಲೇ ಅಪ್ಪನ ಎರಡೂ ಕೈ ಎದೆಯ ಮುಂದೆ ಸೇರುತ್ತಿದ್ದವು. "ಬನ್ನಿ, ಬನ್ನಿ." ಆ ಹೊತ್ತಿಗೆ ಕೈಯಲ್ಲಿ ಮೀಟರು ಕೋಲಿದ್ದರೆ ಕೋಲು ಕೆಳಗೆ. ಕತ್ತರಿ ಇದ್ದರೆ ಕತ್ತರಿ ಕೆಳಗೆ. ನೆಂಟರ ಮದುವೆಗಳಲ್ಲೂ ಛತ್ರದ ಬಾಗಿಲಲ್ಲಿ ನಿಲ್ಲುವ ಕೆಲಸ ಅವರದೇ. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಅವಳಮ್ಮನ ಜೊತೆ ಬಂದಾಗ ಅವಳಿಗೂ ಪ್ರತ್ಯೇಕವಾಗಿ ಕೈ ಮುಗಿದು "ಬನ್ನಿ" ಅಂದರು. ನಾನು ದಿಂಬಿನ ಹಿಂದೆ ಮುಖ ಮುಚ್ಚಿಕೊಂಡೆ. ಮರುದಿನ ಅವಳು ಇಡೀ ಕ್ಲಾಸಿಗೆ ಸುದ್ದಿ ಮುಟ್ಟಿಸಿದಳು. "ಇವಳಪ್ಪ ನಂಗೆ ನಮಸ್ಕಾರ ಮಾಡಿದ್ರು ಕಣ್ರೇ. ನಾನೇನು ದೇವ್ರಾ?"

ಸೈಕಲ್ಲಿನ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ನನ್ನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಅಪ್ಪ ಶಾಲೆಗೆ ಬಿಡಲು ಹೊರಟಿದ್ದರು. ಎದುರಿಗೆ ಅವರಿಗೆ ಪಾಠ ಹೇಳಿದ್ದ ಮುದಿ ಮೇಷ್ಟ್ರು ಬಂದರು. ನನ್ನ ಕಣ್ಣೆದುರಿಗಿದ್ದ ಹ್ಯಾಂಡಲ್ಲಿನಿಂದ ಎರಡು ದೊಡ್ಡ ಕೈ ಒಟ್ಟಿಗೆ ಮಾಯವಾದವು. ಉಳಿದದ್ದು ನನ್ನ ಎರಡು ಪುಟ್ಟ ಕೈ, ಗಟ್ಟಿಯಾಗಿ ಹಿಡಿದುಕೊಂಡಿದ್ದವು, ಆದರೆ ಯಾವ ಕಡೆ ತಿರುಗಿಸಬೇಕೆಂದು ಅವಕ್ಕೆ ಗೊತ್ತಿರಲಿಲ್ಲ. ರಸ್ತೆ ಕೆಲಸಕ್ಕೆ ಸುರಿದಿದ್ದ ಜಲ್ಲಿ ರಾಶಿ ನಮ್ಮನ್ನು ಬರಮಾಡಿಕೊಂಡಿತು. ಮೊಣಕಾಲು ತರಚಿಕೊಂಡು ಮನೆಗೆ ಬಂದ ನಮ್ಮಿಬ್ಬರಿಗೂ ಅರಿಸಿನ ಹಚ್ಚುತ್ತಾ ಅಮ್ಮ ಹೇಳಿದ್ದಿಷ್ಟು: "ಇವ್ರಿಗೆ ದೇವ್ರು ಮೂರನೇ ಕೈ ಕೊಡಬೇಕಾಗಿತ್ತು. ಎರಡು ಮುಗಿಯೋಕೆ, ಒಂದು ಹಿಡ್ಕೊಳ್ಳೋಕೆ."

ಅಮ್ಮ ಹೋದ ಮೇಲೆ ಅಪ್ಪ ಅಂಗಡಿ ತಮ್ಮನ ಮಗನಿಗೆ ಬಿಟ್ಟುಕೊಟ್ಟು ವರ್ಷದಲ್ಲಿ ಕೆಲವು ತಿಂಗಳು ಹೊರದೇಶದ ಈ ಊರಿಗೆ, ಬುಕಿತ್ ಬಾಟೋಕಿನ ನಮ್ಮ ಫ್ಲಾಟಿಗೆ ಬಂದಿರುತ್ತಾರೆ. ಇಲ್ಲಿಗೆ ಬಂದ ಮೇಲೂ ಕೈಗಳಿಗೆ ಬಿಡುವಿಲ್ಲ. ಲಿಫ್ಟಿನಲ್ಲಿ ಸಿಕ್ಕ ಚೀನೀ ಅಜ್ಜಿಗೆ, ಪೋಸ್ಟ್‌ಮನ್ನಿಗೆ, ಬ್ಲಾಕಿನ ತಳದ ತೆರೆದ ಅಂಗಳವಾದ ವಾಯ್ಡ್ ಡೆಕ್ಕಿನಲ್ಲಿ ಚೆಸ್ ಆಡುವ ಅಂಕಲ್‌ಗಳಿಗೆ, ಎಲ್ಲರಿಗೂ ನಮಸ್ಕಾರ. ಅವರು ತಲೆಯಾಡಿಸುತ್ತಾರೆ, ಇಲ್ಲವೇ ಫೋನು ನೋಡುತ್ತಾರೆ. ಯಾರಿಗೂ ತೊಂದರೆಯಿಲ್ಲ. ಹಾಗೆಯೇ ನಡೆದುಕೊಂಡು ಹೋಗುತ್ತಿತ್ತು, ನೊಯ್ ಸಿಗುವವರೆಗೆ.

ನೊಯ್ ಆರನೇ ಮಹಡಿಯವಳು, ಥಾಯ್ ಹೆಂಗಸು. ಇಲ್ಲಿನ ಬಸ್ ಡ್ರೈವರೊಬ್ಬರನ್ನು ಮದುವೆಯಾಗಿ ಬಂದವಳು. ಎಂಆರ್‌ಟಿ ರೈಲು ನಿಲ್ದಾಣದ ಹತ್ತಿರದ ಸಣ್ಣ ಅಂಗಡಿಯೊಂದರಲ್ಲಿ ಪ್ಯಾಂಟು ಮೊಟಕು ಮಾಡುವ, ಜಿಪ್ಪು ಬದಲಾಯಿಸುವ ಕೆಲಸ. ಮೊದಲ ಭೇಟಿ ಲಿಫ್ಟಿನಲ್ಲಿ. ಅವಳ ಎರಡು ಕೈಯಲ್ಲೂ ತರಕಾರಿ ಚೀಲಗಳಿದ್ದವು. ಅಪ್ಪ ಎಂದಿನಂತೆ ಮುಗಿದರು. ಅವಳ ಮುಖದಲ್ಲಿ ಗಾಬರಿ. ತಟಕ್ಕನೆ ಚೀಲಗಳನ್ನು ಲಿಫ್ಟಿನ ನೆಲಕ್ಕಿಟ್ಟಳು, ಬೆರಳ ತುದಿ ಮೂಗಿಗೆ ತಾಗುವಂತೆ ಕೈ ಜೋಡಿಸಿ ಸೊಂಟದಿಂದ ಬಾಗಿದಳು. ಚೀಲದಿಂದ ನಿಂಬೆಹಣ್ಣುಗಳು ಉರುಳಿದವು. ಅಪ್ಪನೂ ನೊಯ್‌ಳೂ ಬಗ್ಗಿ ಹೆಕ್ಕುವಷ್ಟರಲ್ಲಿ ನಮ್ಮ ಮಹಡಿ ದಾಟಿಹೋಗಿತ್ತು.

ಅಪ್ಪನಿಗೆ ಆ ದಿನವೆಲ್ಲ ಸಂಭ್ರಮ. "ನೋಡು ಪುಟ್ಟಿ, ಇಷ್ಟು ದೊಡ್ಡ ಊರಲ್ಲಿ ನಮಸ್ಕಾರಕ್ಕೆ ನಮಸ್ಕಾರ ಅಂತ ವಾಪಸ್ ಕೊಟ್ಟೋಳು ಇವಳೊಬ್ಬಳೇ. ನಮ್ಮೋರ ಥರಾನೇ."

ನಮ್ಮೋರ ಥರ ಅಲ್ಲ ಎಂದು ಹೇಳುವ ಅಧಿಕಾರ ನನಗಿತ್ತು. ಆಫೀಸಿನ ಕೆಲಸಕ್ಕೆ ಬ್ಯಾಂಕಾಕಿಗೆ ಹೋಗಿ ಬಂದವಳು ನಾನು. ನಿಮ್ಮಲ್ಲೂ ಎಷ್ಟೋ ಜನ ಹೋಗಿರುತ್ತೀರಿ, ನನ್ನಂತೆಯೇ ಅಂದುಕೊಂಡಿರುತ್ತೀರಿ: ಓಹೋ, ಇದು ನಮ್ಮ ನಮಸ್ಕಾರವೇ, ಹುಟ್ಟಿನಿಂದ ಗೊತ್ತು, ಉಳಿದ ವಿದೇಶಿಯರು ಕಲಿಯಲಿ. ಮೊದಲ ದಿನ ನಾನು ಹೋಟೆಲ್ಲಿನ ಬಾಗಿಲು ತೆರೆದವನಿಗೆ, ಲಿಫ್ಟಿನ ಗುಂಡಿ ಒತ್ತಿದವನಿಗೆ, ಆಫೀಸಿನಲ್ಲಿ ನೀರು ಕೊಟ್ಟವಳಿಗೆ, ಸಂಜೆಯ ಹೊತ್ತಿಗೆ ರಸ್ತೆ ಬದಿಯಲ್ಲಿ ಮಾವು ಮಾರುವವಳ ಪುಟ್ಟ ಮಗಳಿಗೂ ಕೈ ಮುಗಿದು ಓಟು ಕೇಳಲು ಬಂದ ಅಭ್ಯರ್ಥಿಯಂತೆ ತಿರುಗಿದೆ. ಟೀ ತಂದ ಹುಡುಗಿಯೊಬ್ಬಳು ನನ್ನ ನಮಸ್ಕಾರ ನೋಡಿ ಟ್ರೇಯನ್ನು ನೆಲಕ್ಕಿಟ್ಟು ಕೈ ಜೋಡಿಸಿದಾಗ ಮಾತ್ರ, ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ತಿಳಿಸಿದರು. ಇದಕ್ಕೆ 'ವಾಯ್' ಅನ್ನುತ್ತಾರೆ. ಸರೀಕರಿಗೆ ಗದ್ದದವರೆಗೆ, ಹಿರಿಯರಿಗೆ ಮೂಗಿನವರೆಗೆ, ಭಿಕ್ಷುಗಳಿಗೆ ಹಣೆಯವರೆಗೆ. ಕಿರಿಯರು ಮೊದಲು ಮಾಡಬೇಕು, ಹಿರಿಯರು ಸ್ವೀಕರಿಸಬೇಕು. ಸೇವೆ ಮಾಡುವವರಿಗೆ ಒಂದು ನಗು ಸಾಕು. ಹಿರಿಯರೇ ಮೊದಲು ಮುಗಿದರೆ ಕಿರಿಯರ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆಯೂ ಇದೆ. "ನೀವು ಆ ಹುಡುಗಿಗೆ ಮರ್ಯಾದೆ ಕೊಡಲಿಲ್ಲ," ಎಂದರು ಅವರು ನಗುತ್ತಲೇ, "ಕೆಲಸ ಕೊಟ್ಟಿರಿ."

ಆ ಮಾತನ್ನು ನಾನು ಬಹಳ ಕಾಲ ತಮಾಷೆಯ ಕಥೆಯಾಗಿ ಹೇಳಿಕೊಂಡು ತಿರುಗಿದ್ದೇನೆ. ಈಗ ಹೇಳುವುದಿಲ್ಲ.

ಕೆಲವೇ ದಿನಗಳಲ್ಲಿ ನೊಯ್ ನನ್ನನ್ನು ಲೆಟರ್ ಬಾಕ್ಸುಗಳ ಹತ್ತಿರ ನಿಲ್ಲಿಸಿದಳು. ನಾವು ಮಾತಾಡುವುದು ಇಂಗ್ಲಿಷಿನಲ್ಲಿ, ಆದರೆ ನನ್ನನ್ನು ಅವಳು ಕರೆಯುವುದು ಅವಳ ಭಾಷೆಯ ಅಕ್ಕ ಎಂಬ ಪದದಿಂದ. ಅಪ್ಪನನ್ನು 'ಲುಂಗ್' ಅನ್ನುತ್ತಾಳೆ, ದೊಡ್ಡಪ್ಪ ಅಂದ ಹಾಗೆ.

"ಅಕ್ಕ, ಲುಂಗ್‌ಗೆ ಹೇಳ್ತೀರಾ? ಅವ್ರು ಮೊದ್ಲು ಮಾಡ್ಬಾರದು. ನಾನು ಓಡಿ ಬಂದು ಮೊದ್ಲು ಮಾಡೋಣ ಅಂತ ನೋಡ್ತೀನಿ, ಆಗೋದೇ ಇಲ್ಲ. ಅವ್ರು ತುಂಬಾ ಫಾಸ್ಟ್."

ಮನೆಗೆ ಬಂದು ಅಪ್ಪನನ್ನು ಕೂರಿಸಿಕೊಂಡು ಗದ್ದ, ಮೂಗು, ಹಣೆಯ ಪಾಠ ಮಾಡಿದೆ. ಆಯುಷ್ಯದ ವಿಷಯ ಬಂದಾಗ ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಹಿರಿಯರು ಕಿರಿಯರ ಕಾಲಿಗೆ ಬಿದ್ದರೆ ಹಾಗಾಗುತ್ತದೆಂದು ನಮ್ಮಜ್ಜಿಯೂ ಹೇಳುತ್ತಿದ್ದರು. ಆದರೆ ಕೈ ಮುಗಿಯುವುದಕ್ಕೂ ಅಷ್ಟು ಲೆಕ್ಕಾಚಾರವೇ?

"ಅಂದ್ರೆ ಅವಳು ಮುಗಿಯೋವರ್ಗೂ ನಾನು ಪಾಳೇಗಾರನ ಥರ ಸುಮ್ನೆ ನಿಂತಿರ್ಬೇಕಾ?"

"ಹೂಂ. ಆಮೇಲೆ ನೀವು ಮಾಡಿ."

"ಅಷ್ಟೊತ್ತು ಕೈ ಎಲ್ಲಿಟ್ಕೊಳ್ಳೋದು?"

ಜೇಬಿನಲ್ಲಿ ಎಂದೆ. ಅಪ್ಪನಿಗೆ ಅದು ಪೋಲಿ ಹುಡುಗರ ಲಕ್ಷಣ. ಪ್ರಯತ್ನ ಮಾಡುತ್ತೇನೆ ಎಂದರು. ಮಾಡಿದರು ಕೂಡ. ಲಿಫ್ಟಿನಲ್ಲಿ ನೊಯ್ ಬಂದರೆ ಅಪ್ಪನ ಬೆರಳುಗಳು ಅಂಗಿಯ ಅಂಚನ್ನು ಹಿಡಿದು ಒದ್ದಾಡುವುದನ್ನು ನಾನೇ ನೋಡಿದ್ದೇನೆ. ಒಂದೆರಡು ಸಲ ನೊಯ್ ಗೆದ್ದಳು. ಹೆಚ್ಚಿನ ಸಲ ಅಪ್ಪನೇ.

ಇನ್ನು ಆ ಭಾನುವಾರ.

ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಕಾಫಿ ಕುಡಿದು ನಾನೂ ಅಪ್ಪನೂ ವಾಪಸು ಬರುತ್ತಿದ್ದೆವು. ಇಲ್ಲಿನ ಕಾಫಿ ಸೀದ ವಾಸನೆ ಎಂದು ದೂರುತ್ತಲೇ ಅಪ್ಪ ದಿನವೂ ಅದನ್ನು ಕುಡಿಯುತ್ತಾರೆ. ನಮ್ಮ ಬ್ಲಾಕಿನ ಹಿಂದೆ, ಗೋಡೆಗೂ ಕಾರ್ ಪಾರ್ಕಿಗೂ ನಡುವೆ ಕಾಲುದಾರಿ ಇದೆ. ಮೇಲೆ ಅಡುಗೆಮನೆಗಳ ಕಿಟಕಿಗಳು. ಹಳೆಯ ಫ್ಲಾಟುಗಳಲ್ಲಿ ಬಟ್ಟೆ ಒಣಗುವುದು ಆ ಕಿಟಕಿಗಳ ಹೊರಗೇ. ಉದ್ದನೆಯ ಬಿದಿರಿನ ಗಳಕ್ಕೆ ಒದ್ದೆ ಬಟ್ಟೆ ಪೋಣಿಸಿ, ಕ್ಲಿಪ್ಪು ಸಿಕ್ಕಿಸಿ, ಕಿಟಕಿಯಿಂದ ಹೊರಗೆ ಚಾಚಿ, ಗೋಡೆಗೆ ಕೂರಿಸಿದ ಕೊಳವೆಯೊಳಗೆ ಅದರ ಬುಡ ತೂರಿಸಬೇಕು. ಕೂತ ಮೇಲೆ ಗಟ್ಟಿ. ಕೂರುವ ತನಕ ಅದರ ಭಾರವೆಲ್ಲ ಎರಡು ಕೈಗಳ ಮೇಲೆ.

ಆರನೇ ಮಹಡಿಯಲ್ಲಿ ನೊಯ್ ಗಳ ಚಾಚುತ್ತಿದ್ದಳು. ಅಪ್ಪ ನಿಂತರು. ಮೇಲೆ ನೋಡಿದರು. ಅಷ್ಟು ಎತ್ತರದಿಂದ ಕಾಣಿಸಲಿ ಎಂದಿರಬೇಕು, ಎದೆಯ ಮುಂದೆ ಮುಗಿಯಲಿಲ್ಲ. ಎರಡೂ ಕೈಯನ್ನು ತಲೆಯ ಮೇಲಕ್ಕೆತ್ತಿ ಜೋಡಿಸಿದರು. ನೊಯ್‌ಳ ಊರಿನಲ್ಲಿ ಭಿಕ್ಷುವಿಗೂ ಹಣೆಯವರೆಗೆ ಸಾಕು. ಅದಕ್ಕಿಂತ ಎತ್ತರದ ನಮಸ್ಕಾರವನ್ನು ತಂದೆಯ ವಯಸ್ಸಿನವರೊಬ್ಬರು ತನಗೆ ಮಾಡುತ್ತಿರುವುದನ್ನು ಅವಳು ಕೆಳಗೆ ಕಂಡಳು.

ಅವಳು ಯೋಚಿಸಿರಲಾರಳು. ಯೋಚಿಸುವಂಥದ್ದಲ್ಲ ಅದು. ನೀವು ಎಡವಿದಾಗ ಕೈ ತಾನಾಗಿ ಮುಂದೆ ಬರುತ್ತದಲ್ಲ, ಹಾಗೆ ಅವಳ ಎರಡೂ ಕೈ ಗಳ ಬಿಟ್ಟು ಹಣೆಗೆ ಹೋದವು.

ನಾನು "ಅಪ್ಪ" ಎಂದು ಕೂಗಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದರೂ ಆ ಜಾಗದಲ್ಲಿ ನನ್ನ ದನಿ ಕೇಳಿಸುವುದಿಲ್ಲ. ಕೇಳಿಸುವುದು ಒದ್ದೆ ಬಟ್ಟೆ ಗಾಳಿಗೆ ಪಟಪಟನೆ ಬಡಿದುಕೊಂಡ ಸದ್ದು. ಗಳ ಮೊದಲು ಅಡ್ಡಡ್ಡ ಬಂತು, ನಡುವೆ ಎಲ್ಲೋ ಮೂತಿ ತಿರುಗಿಸಿ ನೆಟ್ಟಗಾಯಿತು. ಅದು ನೆಟ್ಟಗಾದದ್ದು ನನ್ನ ಕನಸಿಗೆ ಈಗಲೂ ಬರುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ಬರುವುದು ಇದು: ಮೇಲೆ ಒಬ್ಬಳು ಕೈ ಮುಗಿದು ನಿಂತಿದ್ದಾಳೆ. ಕೆಳಗೆ ಒಬ್ಬರು ಕೈ ಮುಗಿದು ನಿಂತಿದ್ದಾರೆ. ಇಬ್ಬರ ಮುಖದಲ್ಲೂ ಇನ್ನೂ ನಗು ಮಾಸಿಲ್ಲ. ನಡುವೆ, ಯಾರ ಕೈಯಲ್ಲೂ ಇಲ್ಲದೆ, ಆ ಗಳ.

ಅದು ಚರಂಡಿಯ ಕಾಂಕ್ರೀಟು ಮುಚ್ಚಳದ ಮೇಲೆ ಬಿತ್ತು. ಅಪ್ಪನಿಂದ ಒಂದು ಮಾರು ದೂರ, ಅಷ್ಟೂ ಇಲ್ಲ. ಬಿದಿರು ಉದ್ದಕ್ಕೆ ಸೀಳಿತು. ಕ್ಲಿಪ್ಪುಗಳು ಅರಳು ಸಿಡಿದಂತೆ ಸಿಡಿದವು. ಒಂದು ಒದ್ದೆ ಬೆಡ್‌ಶೀಟು ಅಪ್ಪನ ಪಾದಗಳನ್ನು ಮುಚ್ಚಿತು.

ಅಪ್ಪ ಕೈ ಇಳಿಸಿದರು. ಗಳ ನೋಡಿದರು, ಮೇಲೆ ನೋಡಿದರು. ಆಮೇಲೆ ಬಗ್ಗಿ ಬೆಡ್‌ಶೀಟು ಎತ್ತಿಕೊಂಡು, ಎರಡು ಸಲ ಕೊಡವಿ, ಅಂಚಿಗೆ ಅಂಚು ಹೊಂದಿಸಿ ಮಡಿಸತೊಡಗಿದರು, ಅಂಗಡಿಯಲ್ಲಿ ಗಿರಾಕಿ ಬೇಡವೆಂದ ಬಟ್ಟೆಯನ್ನು ಮಡಿಸುವ ಹಾಗೆ. ಮಣ್ಣಾದ ಅಂಗಿಯನ್ನು, ಟವೆಲನ್ನು, ಕಾಲುಚೀಲಗಳನ್ನು ಒಂದೊಂದಾಗಿ. ನಾನು ಆ ಕಾಲುದಾರಿಯ ಮೇಲೆಯೇ ಕುಸಿದು ಕೂತಿದ್ದೆ. ಮುಷ್ಟಿಯೊಳಗೆ ಏನೋ ಚುಚ್ಚುತ್ತಿತ್ತು. ಈ ನೀಲಿ ಕ್ಲಿಪ್ಪು. ಯಾವಾಗ ಹೆಕ್ಕಿದೆನೋ ನೆನಪಿಲ್ಲ.

ಕಾರ್ ಪಾರ್ಕಿನಲ್ಲಿ ಗಾಡಿ ಒರೆಸುತ್ತಿದ್ದ ಅಂಕಲ್ ಒಬ್ಬರು ಓಡಿ ಬಂದರು. ಮೊದಲು ಮೇಲೆ ನೋಡಿ ಬೈದರು, ಆಮೇಲೆ ಫೋನು ತೆಗೆದು, ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ 'ಲಾ' ಸಮೇತ ಹೇಳಿದರು. "ರಿಪೋರ್ಟ್ ಮಾಡ್ಬೇಕು ಲಾ. ಇವತ್ತು ಒಬ್ರು ಸಾಯ್ತಿದ್ರು."

ಇಲ್ಲಿ ಮೇಲಿನಿಂದ ವಸ್ತು ಬೀಳುವುದು ಸಣ್ಣ ಅಪರಾಧವಲ್ಲ. ನೊಯ್ ಈ ದೇಶದಲ್ಲಿರುವುದು ಗಂಡನ ಆಸರೆಯ ಪಾಸಿನ ಮೇಲೆ, ಕೇಸಾದರೆ ಆ ಪಾಸಿಗೇ ಕುತ್ತು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕ್ಷಣದಲ್ಲಿ ನಾನು ಬೇಡ ಎನ್ನಲಿಲ್ಲ. ಅಪ್ಪನೇ ಕೇಳಿದರು, "ಏನಂತೆ?"

"ಕಂಪ್ಲೇಂಟ್ ಕೊಡ್ತಾರಂತೆ."

"ಯಾರ್ ಮೇಲೆ? ಕೈಯಲ್ಲಿ ಕೆಲ್ಸ ಇದ್ದೋಳನ್ನ ಕೆಳಗಿಂದ ಮಾತಾಡಿಸಿದ್ದು ನಾನು. ಹಾಗಂತ ಹೇಳು."

ಹೇಳಿದೆ. ಅಂಕಲ್ ಅಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮಡಿಸಿದ ಬಟ್ಟೆಯ ಗಂಟನ್ನೂ ನೋಡಿದರು. ಫೋನು ಜೇಬಿಗೆ ಹೋಯಿತು. "ನಿಮ್ಮಪ್ಪ ಲಕ್ಕಿ ಲಾ. ಇವತ್ತು ಬ್ಲಾಕ್ ನಂಬರಿಗೆ ಲಾಟರಿ ತಗೊಳ್ಳಿ," ಎಂದು ಹೋದರು.

ಬಟ್ಟೆಯ ಗಂಟನ್ನು ನಾನು ನೊಯ್‌ಳ ಬಾಗಿಲಿಗೆ ಒಯ್ದೆ. ಅವಳ ಗಂಡ ತೆಗೆದುಕೊಂಡರು, ಅವಳು ಹೊರಗೆ ಬರಲಿಲ್ಲ. ಒಳಗೆ ಟಿವಿ ಸೀರಿಯಲ್ಲಿನ ಸದ್ದಿತ್ತು, ಅದರ ಹಿಂದೆ ಅಳು. ಲಿಫ್ಟಿನಲ್ಲಿ ಇಳಿಯುವಾಗ ನನಗೂ ಬಂತು.

ಆ ಮೇಲಿನ ದಿನಗಳಲ್ಲಿ ಆರನೇ ಮಹಡಿಯ ಕಿಟಕಿಯಿಂದ ಗಳ ಹೊರಗೆ ಬರಲಿಲ್ಲ. ಅಕ್ಕಪಕ್ಕದ ಕಿಟಕಿಗಳಲ್ಲಿ ಬಟ್ಟೆಗಳು ಹಾರಾಡುವಾಗ ಅದೊಂದು ಬೋಳಾಗಿತ್ತು. ನೊಯ್ ನಮ್ಮನ್ನು ಕಂಡರೆ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿಯುತ್ತಿದ್ದಳು. ಒಮ್ಮೆ ತಪ್ಪಿಸಿಕೊಳ್ಳಲಾಗದೆ ಎದುರಿಗೇ ಸಿಕ್ಕಿದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ, ಗೋಡೆಯ ಪಕ್ಕಕ್ಕೆ ಸರಿದು ಹೋದಳು. ಅಪ್ಪನೂ ಮುಗಿಯಲಿಲ್ಲ. ಅವರ ಕೈಗಳೂ ಬೆನ್ನ ಹಿಂದೆಯೇ ಇದ್ದವು. ಅಂಗಡಿಯ ಹೊಸ್ತಿಲಲ್ಲಿ, ಛತ್ರದ ಬಾಗಿಲಿನಲ್ಲಿ ಬದುಕು ಕಳೆದ ಮನುಷ್ಯ ವಾಯ್ಡ್ ಡೆಕ್ಕಿನಲ್ಲಿ ಯಾರಿಗೂ ಕೈ ಮುಗಿಯದೆ ನಡೆದದ್ದನ್ನು ನಾನು ನೋಡಿದೆ. ನಾನು ಬಯಸಿದ್ದೂ ಅದನ್ನೇ ತಾನೇ? ಆದರೂ ಅಪ್ಪ ಇದ್ದಕ್ಕಿದ್ದಂತೆ ಮುದುಕರಾದಂತೆ ಕಂಡರು.

"ಆ ಹುಡುಗಿ ನಮಸ್ಕಾರ ಬಿಟ್ಟುಬಿಟ್ಳು ಪುಟ್ಟಿ," ಎಂದರು ಊಟದ ನಡುವೆ. "ನನ್ನ ಜೀವ ಉಳೀತು. ಅವಳ ಕೈ ಹೋಯ್ತು."

ನಾನು ಅನ್ನ ಕಲಸುತ್ತಾ ಕೂತೆ. ನಿಜ ಹೇಳಬೇಕೆಂದರೆ ನನಗೆ ಅವಳ ಕೈಯ ಚಿಂತೆಯಿರಲಿಲ್ಲ. ನಾನು ಆ ಕಾಲುದಾರಿಯನ್ನೇ ಬಿಟ್ಟು ಸುತ್ತಿಕೊಂಡು ಬರುತ್ತಿದ್ದೆ. ಹಾಗೆ ಬರುವಾಗಲೂ ಮೇಲೆ ನೋಡುತ್ತಿದ್ದೆ.

ಒಂದು ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ನೊಯ್. ಅವಳ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮಲ್ಲಿಗೆಯ ಮಾಲೆ, ಎರಡು ಊದುಬತ್ತಿ, ಒಂದು ಮೇಣದ ಬತ್ತಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಸೋಫಾದ ಮೇಲೆ ಕೂತಿದ್ದ ಅಪ್ಪನ ಎದುರಿಗೆ ನೆಲದ ಮೇಲೆ, ಕಾಲುಗಳನ್ನು ಒಂದು ಪಕ್ಕಕ್ಕೆ ಮಡಿಸಿ, ಪಾದ ಅವರ ಕಡೆ ತೋರದಂತೆ ಕೂತಳು.

"ಅಕ್ಕ, ನಮ್ಮಲ್ಲಿ ಹಿರಿಯರಿಗೆ ತಪ್ಪಾದ್ರೆ ಹೀಗೆ ಕೇಳ್ತೀವಿ. ಲುಂಗ್ ತಗೊಳ್ತಾರಾ ಕೇಳಿ."

ನನಗೆ ಅಪ್ಪನದೇ ಭಯ. ಅವರು ಎದ್ದು ನಿಲ್ಲುತ್ತಾರೆ, ಅಯ್ಯೋ ಏಳಮ್ಮ ಎಂದು ತಾವೇ ಕೆಳಗೆ ಕೂರುತ್ತಾರೆ, ಕೈ ಮುಗಿಯುತ್ತಾರೆ, ಇಲ್ಲವೇ ನಮ್ಮ ಪದ್ಧತಿಯಂತೆ ತಲೆ ಮುಟ್ಟಿ ಆಶೀರ್ವಾದ ಮಾಡುತ್ತಾರೆ. ಥಾಯ್ ಜನಕ್ಕೆ ತಲೆ ಬಹಳ ಪವಿತ್ರ, ಮುಟ್ಟಬಾರದು. "ಅಪ್ಪ, ತಲೆ ಮುಟ್ಬೇಡಿ, ಏಳ್ಬೇಡಿ, ಕೈ ಮುಗೀಬೇಡಿ," ಎಂದು ಒಂದೇ ಉಸಿರಿಗೆ ಕನ್ನಡದಲ್ಲಿ ಪಿಸುಗುಟ್ಟಿದೆ.

"ಮತ್ತೇನ್ ಮಾಡ್ಲಿ?" ಎಂದರು ಅಪ್ಪ.

ನೊಯ್ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಮುಂದೆ ಹಿಡಿದಳು. ಅಪ್ಪ ಎರಡೂ ಕೈಯಿಂದ ತೆಗೆದುಕೊಂಡರು. ಅಷ್ಟೇ. ಕೈಗಳು ತುಂಬಿದ್ದವು. ನೊಯ್ ಅಂಗೈಗಳನ್ನು ನೆಲಕ್ಕೂರಿ, ಹಣೆಯನ್ನು ನೆಲಕ್ಕೆ ತಾಗಿಸಿ ಬಾಗಿದಳು. ಮಾಲೆಯಿಂದ ಒಂದು ಮೊಗ್ಗು ಉದುರಿತು. ಆದರೆ ತಟ್ಟೆಯನ್ನು ಅವರು ಕೆಳಗಿಡಲಿಲ್ಲ. ನನಗೆ ತಿಳಿದಂತೆ, ಬದುಕಿನಲ್ಲಿ ಮೊದಲ ಸಲ ನಮ್ಮಪ್ಪ ಒಂದು ನಮಸ್ಕಾರವನ್ನು ತಿರುಗಿ ಕೊಡದೆ ಇಟ್ಟುಕೊಂಡರು. ಕೊಡುವುದು ಅವರಿಗೆ ಉಸಿರಾಟದಷ್ಟು ಸುಲಭ. ತೆಗೆದುಕೊಂಡು ಸುಮ್ಮನೆ ಕೂರುವುದಕ್ಕೆ ಎಷ್ಟು ಬಲ ಬೇಕೆಂದು ಆ ಮುಖ ನೋಡಿ ನನಗೆ ತಿಳಿಯಿತು.

ನೊಯ್ ತಲೆ ಎತ್ತಿದಾಗ ಅಪ್ಪ "ಚೆನ್ನಾಗಿರಮ್ಮ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅವಳಿಗೆ ಹೇಳು. ನಾಳೆಯಿಂದ ಬಟ್ಟೆ ಹೊರಗೆ ಹಾಕ್ಬೇಕು. ಮನೆಯೊಳಗೆ ಒಣಗಿದ್ ಬಟ್ಟೆ ಮುಗ್ಗಲು ವಾಸನೆ ಬರುತ್ತೆ. ಗಳ ಕೊಳವೆಲಿ ಕೂತ ಮೇಲೆ ನನ್ ಕಡೆ ನೋಡ್ಲಿ. ಮೊದಲು ಬಟ್ಟೆ, ಆಮೇಲೆ ನಮಸ್ಕಾರ. ಅವಳದು ಮೊದ್ಲು, ನಂದು ಆಮೇಲೆ."

ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಪ್ಪಣೆಯಂತೆಯೇ ಹೇಳಿದೆ, ಮೆದು ಮಾಡಲಿಲ್ಲ. ನೊಯ್‌ಳ ಹೆಗಲು ಇಳಿದದ್ದು ಕಾಣಿಸಿತು. "ಖಂಡಿತ ಲುಂಗ್," ಎಂದು ಕಣ್ಣೊರೆಸಿಕೊಂಡು, ಹೋಗುವ ಮೊದಲು ಅಪ್ಪನ ಪ್ಯಾಂಟಿನ ಮಡಿಕೆ ನೋಡಿದಳು. "ಯಾರು ಹೊಲಿದ್ರು ಇದನ್ನ? ಕೆಟ್ಟದಾಗಿದೆ. ಕೊಡಿ, ನಾನು ಸರಿ ಮಾಡ್ತೀನಿ." ಹೊಲಿದಿದ್ದು ನಾನು. ಹೇಳಲಿಲ್ಲ.

ಈಗ ಬೆಳಿಗ್ಗೆ ನಾವು ಮತ್ತೆ ಅದೇ ದಾರಿಯಲ್ಲಿ ಬರುತ್ತೇವೆ. ಗೋಡೆಯಿಂದ ದೂರ, ಕಾರ್ ಪಾರ್ಕಿನ ಅಂಚಿನಲ್ಲಿ, ರೇನ್‌ಟ್ರೀ ಮರದ ಕೆಳಗೆ ನಿಲ್ಲುತ್ತೇವೆ. ಆ ಜಾಗವನ್ನು ಆರಿಸಿದವಳು ನಾನು. ಆರನೇ ಮಹಡಿಯಲ್ಲಿ ಹೊಸ ಗಳ ಹೊರಗೆ ಬರುತ್ತದೆ, ಮೆಲ್ಲಗೆ. ಬುಡ ಕೊಳವೆಗೆ ಹೋಗುತ್ತದೆ. ನೊಯ್ ಅದನ್ನು ಒತ್ತಿ ನೋಡುತ್ತಾಳೆ, ಮತ್ತೊಮ್ಮೆ ಒತ್ತಿ ನೋಡುತ್ತಾಳೆ, ಕೈ ಒರೆಸಿಕೊಳ್ಳುತ್ತಾಳೆ. ಆಮೇಲೆ ಕಿಟಕಿಯಲ್ಲಿ ನೆಟ್ಟಗೆ ನಿಂತು, ಬೆರಳ ತುದಿ ಮೂಗಿಗೆ ತಾಗಿಸಿ ಬಾಗುತ್ತಾಳೆ. ಅಪ್ಪನೂ ಮುಗಿಯುತ್ತಾರೆ. ಎದೆಯ ಮುಂದೆ, ತಲೆಯ ಮೇಲಲ್ಲ.

ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುವಾಗ ನಾನು ನೋಡುವುದು ಗಳವನ್ನು ಮಾತ್ರ. ಕೊಳವೆಯಲ್ಲಿ ಕೂತಿದೆ, ಬಟ್ಟೆಗಳು ಸುಮ್ಮನೆ ತೂಗಾಡುತ್ತಿವೆ, ಆದರೂ ನನ್ನ ಕಣ್ಣಿಗೆ ಅದು ಇನ್ನೂ ನಂಬುವಂಥದ್ದಲ್ಲ. ಅಪ್ಪನಿಗೂ ಆ ಕಾಯುವ ಹೊತ್ತು ಇನ್ನೂ ಕಷ್ಟವೇ. ಗಳ ಹೊರಗೆ ಬಂದು ಕೂರುವ ತನಕ ಅವರ ಬೆರಳುಗಳು ಚಡಪಡಿಸುತ್ತವೆ. ಹಾಗಾಗಿ ಅಷ್ಟು ಹೊತ್ತು ಅವರ ಬಲಗೈಯನ್ನು ನಾನು ಹಿಡಿದುಕೊಂಡಿರುತ್ತೇನೆ, ನೊಯ್ ಕೈ ಒರೆಸಿಕೊಂಡ ಮೇಲೆ ಬಿಡುತ್ತೇನೆ.